ಹೋಗ್ತೀನಿ

"ಬದುಕಿರೋದೇ ಬೇಡ ಅನ್ಸುತ್ತಾ ಅಮ್ಮ?" ಡಾಕ್ಟರು ಸುತ್ತಿಬಳಸದೆ ಕೇಳಿದರು.

"ನಮ್ಮ ಬೇಕು ಬೇಡ ಕೇಳೋರು ಯಾರಪ್ಪಾ?" ಎಂದು ತಾಯಿ ನಕ್ಕಳು. ಡಾಕ್ಟರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ ಮಗಳಿಗೆ ಹೋದ ಜೀವ ಬಂದಂತಾಯಿತು.

ಕಣ್ಣು ಮಂಜಾದ ಮೇಲೆ ತಾಯಿ ಮೊದಲು ಹೊಲಿಗೆ ಬಿಟ್ಟಳು. ಆಮೇಲೆ ಊಟ, ಆಮೇಲೆ ಮಾತು. ಗೋಡೆ ನೋಡುತ್ತ ಕೂತರೆ ಕೂತಳು. ನೆಂಟರಿಷ್ಟರೆಲ್ಲ "ವಯಸ್ಸಾಯ್ತಲ್ಲ" ಎಂದು ಕೈತೊಳೆದುಕೊಂಡರು. ವಯಸ್ಸೆಂಬುದು ಒಳ್ಳೆಯ ಗೋಣಿಚೀಲ, ಏನು ತುಂಬಿದರೂ ಹಿಡಿಸುತ್ತದೆ.

"ಇದು ವಯಸ್ಸಲ್ಲಮ್ಮ, ಮನಸ್ಸಿನ ಕಾಯಿಲೆ. ಔಷಧಿ ಇದೆ, ಹಿಡಿಯೋಕೆ ಕೆಲವು ವಾರ ಬೇಕು," ಎಂದರು ಡಾಕ್ಟರು ಮಗಳಿಗೆ. "ಅಲ್ಲೀತನಕ ವಾರ್ಡಲ್ಲಿ ಬಿಡ್ತೀರೋ, ಮನೇಲೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀರೋ?"

ಹೆತ್ತವಳನ್ನು ಹುಚ್ಚರ ವಾರ್ಡಿಗೆ ಹಾಕಿದಳು ಎಂದು ನಾಲ್ಕು ಜನ ಆಡಿಕೊಳ್ಳುವುದು ಮಗಳ ಕಿವಿಗೆ ಆಗಲೇ ಕೇಳಿಸಿತು. "ಮನೇಲೇ ನೋಡ್ಕೋತೀನಿ ಸಾರ್."

ತಾಯಿ ಎದ್ದು ಕೈಮುಗಿದಳು. "ಹೋಗ್ತೀನಿ ಡಾಕ್ಟ್ರೇ."

ಮಗಳಿಗೆ ಮುಜುಗರವಾಯಿತು. ಹೊರಡುವವರು 'ಬರ್ತೀನಿ' ಅನ್ನಬೇಕು, 'ಹೋಗ್ತೀನಿ' ಅನ್ನಬಾರದು ಎಂದು ಇವಳನ್ನು ಗದರಿಸಿ ಬೆಳೆಸಿದವಳೇ ಈ ತಾಯಿ. ಡಾಕ್ಟರು ಮಾತ್ರ, "ಸರಿಯಾಗಿ ಹೇಳಿದ್ರಿ! ಆಸ್ಪತ್ರೇಲಿ ಯಾರಾದ್ರೂ ಬರ್ತೀನಿ ಅಂತಾರಾ?" ಎಂದು ನಕ್ಕುಬಿಟ್ಟರು. ಹೌದಲ್ಲ, ಎಂದು ಮಗಳೂ ಸಮಾಧಾನ ಮಾಡಿಕೊಂಡಳು.

ಬೀದಿಯ ತಿರುವಿನಲ್ಲಿ ತಾಯಿ ಜೀವನವಿಡೀ ಕೂತು ಬಟ್ಟೆ ಹೊಲಿದ ಅಂಗಡಿ. "ಒಂದ್ನಿಮಿಷ ಇರು," ಎಂದು ಒಳಗೆ ಹೋದವಳು ಕೈಚೀಲದಿಂದ ತನ್ನ ಕತ್ತರಿ ತೆಗೆದು, ಪಕ್ಕದ ಮಿಷನ್ನಿನಲ್ಲಿ ಹೊಲಿಯುತ್ತಿದ್ದ ಹಳೆಯ ಜೊತೆಗಾತಿಯ ಮಡಿಲಿಗಿಟ್ಟಳು. ಮನೆಯಲ್ಲಿ ಯಾರಾದರೂ ಅದರಿಂದ ಕಾಗದ ಕತ್ತರಿಸಿದರೂ ಕೆಂಡವಾಗುತ್ತಿದ್ದವಳು!

"ಇಟ್ಕೋ ಕಣೇ. ಹೋಗ್ತೀನಿ."

"ಥೂ, ಬರ್ತೀನಿ ಅನ್ನೇ! ಇದೇನು ಆಸ್ಪತ್ರೆನಾ?" ಎಂದು ಜೊತೆಗಾತಿ ರೇಗಿದಳು.

ಹೊಸ್ತಿಲಲ್ಲಿ ನಿಂತಿದ್ದ ಮಗಳಿಗೆ ಆ ಮಾತಿನ ಅರ್ಥ ಈಗ ಹೊಳೆಯಿತು. ಹೊರಗೆ ಬಂದ ತಾಯಿಯ ಎರಡೂ ತೋಳು ಹಿಡಿದುಕೊಂಡಳು.

"ಅಮ್ಮ, ಬರ್ತೀನಿ ಅನ್ನು. ನನ್ನಾಣೆ, ಒಂದ್ಸಲ ಅನ್ನು."

ತಾಯಿ ಅವಳ ಕೆನ್ನೆ ಸವರಿದಳು. "ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ ಕಣೇ ಮಗಾ."

ಆಡಿಕೊಳ್ಳುವ ನಾಲ್ಕು ಜನ ಹಾಳಾಗಿಹೋಗಲಿ. ಮಗಳು ತಾಯಿಯ ಮಣಿಕಟ್ಟು ಹಿಡಿದು ಬಂದ ದಾರಿಗೇ ತಿರುಗಿದಳು. ತಾಯಿ ಬೇಡವೆನ್ನಲಿಲ್ಲ, ಯಾಕೆ ಎನ್ನಲಿಲ್ಲ, ಎಳೆದತ್ತ ನಡೆದಳು.

ವಾರ್ಡಿನಲ್ಲಿ ನರ್ಸು ಬಳೆ, ಸೆರಗಿನ ಪಿನ್ನು ಎಲ್ಲ ಬಿಚ್ಚಿಸಿಕೊಂಡು ಹಾಸಿಗೆ ತೋರಿಸಿದಳು. ತಾಯಿ ಗೋಡೆಯ ಕಡೆ ತಿರುಗಿ ಮಲಗಿದಳು. "ರಾತ್ರಿ ಯಾರೂ ಇರೋ ಹಾಗಿಲ್ಲ. ನೀವಿನ್ನು ಹೊರಡಿ," ಎಂದಳು ನರ್ಸು.

ಮಗಳು ಬಾಗಿಲಲ್ಲಿ ನಿಂತು, "ಬರ್ತೀನಮ್ಮಾ," ಎಂದಳು.

ಹಾಸಿಗೆಯಿಂದ ಮಾತಿಲ್ಲ.

"ಬೆಳಿಗ್ಗೆನೇ ಬರ್ತೀನಿ. ಅಮ್ಮಾ, ಬರ್ತೀನಿ."

ಕೊನೆಗೆ ನರ್ಸೇ, "ಹೂಂ, ಬನ್ನಿ," ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡಳು.