ಕೊನೆಯ ದೃಶ್ಯಕ್ಕೊಂದು ಬಿಳಿ ನಿಲುವಂಗಿ

ಕ್ಲೆ ಥೂ ತನ್ನ ಮೊದಲ ದೊಡ್ಡ ಚಿತ್ರಕ್ಕೆ ನಾಯಕಿಯನ್ನು ಆರಿಸಿದ್ದು ಅಂದ ನೋಡಿ ಅಲ್ಲ, ಅಭಿನಯ ನೋಡಿಯೂ ಅಲ್ಲ. ಅವಳು ಎಲ್ಲಿಗೂ ಹೋಗಲಾರಳು ಎಂಬ ಒಂದೇ ಕಾರಣಕ್ಕೆ.

ಹಿಂದಿನ ಕಿರುಚಿತ್ರದ ನಾಯಕಿ, ಅದು ಅರ್ಧವಾಗಿದ್ದಾಗ, ಅಮೆರಿಕಕ್ಕೆ ಹೊರಟುಹೋಗಿದ್ದಳು. ನಮ್ಮ ನಿರಾಶ್ರಿತರ ಶಿಬಿರದಲ್ಲಿ ಅದೇನೂ ಹೊಸತಲ್ಲ. ಹೊರದೇಶದಿಂದ ಕರೆ ಬಂದರೆ ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ಹೋಗುತ್ತಾರೆ. ಹೀಗಾಗಿ ಈ ಸಲ ಅವನು ಗಡಿಯ ಮೋಯಿ ನದಿಯನ್ನು ತಡವಾಗಿ ದಾಟಿ ಬಂದದ್ದರಿಂದ ಯಾವ ದೇಶದ ಲೆಕ್ಕಕ್ಕೂ ಸೇರದ ಮನೆಯ ಪೊ ವಾಳನ್ನು ಹುಡುಕಿ ತಂದ. "ಇವಳನ್ನ ಯಾವ ದೇಶಾನೂ ಕರೆಯಲ್ಲ ಮಾರಾಯ!" ಎಂದ. ಇನ್ನೊಬ್ಬರ ದುರದೃಷ್ಟಕ್ಕೆ ಅಷ್ಟು ಹಿಗ್ಗಿದವನನ್ನು ನಾನು ಕಂಡಿಲ್ಲ.

ನಾನು ಶಿಬಿರದ ಶಾಲೆಯಲ್ಲಿ ಇತಿಹಾಸ ಹೇಳುತ್ತೇನೆ. ರಜೆಯಲ್ಲಿ ಅವನ ಚಿತ್ರಗಳಿಗೆ ಬಿದಿರುಗೋಲಿನ ತುದಿಗೆ ಮೈಕು ಕಟ್ಟಿ ಹಿಡಿಯುತ್ತೇನೆ. ಮದುವೆ, ಕ್ರಿಸ್‌ಮಸ್ ಚಿತ್ರೀಕರಿಸಿ ಕೈ ಪಳಗಿಸಿಕೊಂಡವನು ಕ್ಲೆ ಥೂ. ಅವನಿಗೆ ಗೇಟು ದಾಟಲೂ ಅನುಮತಿ ಬೇಕು. ಅವನ ಕಿರುಚಿತ್ರಗಳು ಮಾತ್ರ ಲೋಕ ಸುತ್ತಿವೆ. ಅವನ್ನು ನೋಡಿದ ಹೊರದೇಶದ ದೊಡ್ಡವರೆಲ್ಲ ಕೇಳುವುದು ಒಂದೇ: ಇನ್ನಷ್ಟು ಸಂಕಟ ತೋರಿಸಬಹುದಿತ್ತಲ್ಲ? ಅದಕ್ಕೇ ಈ ಸಲ ಹಟಕ್ಕೆ ಬಿದ್ದು ಪ್ರೇಮಕಥೆ. ನದಿಯಾಚೆ ಹೋದ ಹುಡುಗನಿಗಾಗಿ ಹುಡುಗಿ ಕಾಯುತ್ತಾಳೆ. ಕೊನೆಗೆ ಬಿಳಿ ನಿಲುವಂಗಿ ತೊಟ್ಟು ದಂಡೆಗೆ ಬರುತ್ತಾಳೆ, ಅವನು ನಗುತ್ತ ದೋಣಿಯಿಂದ ಇಳಿಯುತ್ತಾನೆ. ಸಂಕಟದ ಸೋಂಕೇ ಇಲ್ಲ.

ಉಳಿದದ್ದು ಆ ದೃಶ್ಯ ಮಾತ್ರ. ಮಳೆ ಹಿಡಿಯುವ ಮೊದಲು ಚಿತ್ರ ಬ್ಯಾಂಕಾಕಿನ ಉತ್ಸವಕ್ಕೆ ಹೋಗಬೇಕು; ತಪ್ಪಿದರೆ ಕ್ಯಾಮೆರಾ ಕೊಟ್ಟ ಸಂಸ್ಥೆ ಅದನ್ನು ವಾಪಸು ಒಯ್ಯುತ್ತದೆ, ಕ್ಲೆ ಥೂ ಮತ್ತೆ ಮದುವೆಮನೆಗಳಿಗೆ. ಅಷ್ಟರಲ್ಲಿ ಪೊ ವಾ ಮದುವೆಯಾದಳು. ಹೋದದ್ದು ಅಮೆರಿಕಕ್ಕಲ್ಲ, ಗಲ್ಲಿಯ ಆ ತುದಿಯ ಎಲೆ-ಅಡಿಕೆ ಅಂಗಡಿಯವನ ಮನೆಗೆ. ಆದರೆ ನಮ್ಮ ಕರೆನ್ ಜನರಲ್ಲಿ ಹೆಣ್ಣುಮಕ್ಕಳು ಬಿಳಿ ನಿಲುವಂಗಿ ತೊಡುವುದು ಮದುವೆಯವರೆಗೆ. ಆಮೇಲೆ ಬಣ್ಣದ ರವಿಕೆ, ಕೆಂಪು ಲುಂಗಿ. ಮತ್ತೆ ಬಿಳಿ ತೊಟ್ಟರೆ ಗಂಡ ಇಲ್ಲ ಎಂದು ಸಾರಿದಂತೆ.

ನಾವಿಬ್ಬರೂ ಹೋದಾಗ ಪೊ ವಾಳ ಅತ್ತೆ ಅಂಗಡಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಬನ್ನಿ ಥರಾ, ಅನ್ನ ಆಯ್ತಾ?" ಮೇಷ್ಟ್ರಾಗಲಿ ನಿರ್ದೇಶಕನಾಗಲಿ, ನಮ್ಮಲ್ಲಿ ಮರ್ಯಾದೆಗೆ ಥರಾ.

"ಆಯ್ತು ದೊಡ್ಡಮ್ಮ," ಎಂದ ಕ್ಲೆ ಥೂ. "ಸೊಸೇನ ಒಂದು ಗಳಿಗೆ ಕಳಿಸಿ. ಬಿಳಿ ಅಂಗಿ ಹಾಕ್ಕೊಂಡು..."

"ನನ್ನ ಮಗ ಬದುಕಿದಾನೆ ಥರಾ. ಒಳಗೆ ಗೊರಕೆ ಹೊಡೀತಿದಾನೆ, ಕೇಳಿಸ್ತಾ?"

"ಇದು ಸಿನಿಮಾ ದೊಡ್ಡಮ್ಮ, ಬರೀ ನಟನೆ!"

"ಹಿಂದಿನ ಸಿನಿಮಾಕ್ಕೆ ನಮ್ಮ ಯಜಮಾನರನ್ನ ಹೆಣ ಮಾಡಿ ಮಲಗಿಸಿದ್ರಿ. ಆ ಮಳೆಗಾಲ ಪೂರ್ತಿ ಜ್ವರ ಬಿಡಲಿಲ್ಲ."

"ಅದು ಮಲೇರಿಯಾ!"

"ಹೆಸರು ಏನಾದ್ರೂ ಇಟ್ಕೊಳ್ಳಿ."

"ಹೋಗ್ಲಿ, ಬೆನ್ನು ಮಾತ್ರ ತೆಗೀತೀನಿ. ಮುಖ ಕಾಣಲ್ಲ."

"ಹಾಗಾದ್ರೆ ಬೇರೆ ಹುಡುಗೀನ ನಿಲ್ಲಿಸಿ."

"ಮುಖ ಕಾಣ್ಬೇಕು ದೊಡ್ಡಮ್ಮ!"

"ಈಗ ತಾನೇ ಕಾಣಲ್ಲ ಅಂದ್ರಿ."

ಕ್ಲೆ ಥೂ ಅಂಗಡಿಯ ಕಂಬಕ್ಕೆ ಹಣೆ ಒತ್ತಿ ನಿಂತ. ಒಳಗಿನಿಂದ ಪೊ ವಾ ಇಣುಕಿದಳು. "ಥರಾ, ಕೆಂಪು ಲುಂಗೀಲೇ ಬರ್ತೀನಿ. ಅತ್ತೆ ಬೇಡ ಅನ್ನಲ್ಲ."

"ಆಗ ಕಥೆ ಏನಾಗ್ಬೇಕಮ್ಮ?"

"ಏನಾಗುತ್ತೆ? ಕಾಯೋದು ಬಿಟ್ಟಳು ಅಂತಾಯ್ತು."

ಬೇರೆ ದಾರಿಯಿರಲಿಲ್ಲ. ಪೊ ವಾ ಕೆಂಪು ಲುಂಗಿಯಲ್ಲಿ ದಂಡೆಗೆ ಬಂದಳು. ನಾಯಕನಿಗೆ ಮುಖ ಹೇಗಿಡಬೇಕೆಂದು ಹೇಳುವುದನ್ನು ಆ ಸಿಟ್ಟಿನಲ್ಲಿ ಕ್ಲೆ ಥೂ ಮರೆತ. ಮೊದಲು ಕಲಿಸಿದ್ದಂತೆ ಅವನು ನಗುತ್ತಲೇ ಇಳಿದ. ಮೋಡ ಕವಿದಿತ್ತು, ಎರಡನೆಯ ಸಲ ತೆಗೆಯಲಾಗಲಿಲ್ಲ.

ಉತ್ಸವದವರು ಚಿತ್ರವನ್ನು ಒಪ್ಪಿದರು, ಕ್ಯಾಮೆರಾ ಉಳಿಯಿತು. ನಿರ್ದೇಶಕನಿಗೆ ಬ್ಯಾಂಕಾಕಿಗೆ ಹೋಗಲು ಅನುಮತಿ ಸಿಗಲಿಲ್ಲ, ಫೋನಿನಲ್ಲಿ ಅಭಿಪ್ರಾಯ ಸಿಕ್ಕಿತು: ಮುದ್ದಾದ ಸುಖಾಂತ್ಯ, ಕೊನೆಯಲ್ಲಿ ಆ ಕೆಂಪು ಬಣ್ಣ ಬಹಳ ಸೊಗಸು, ಸಂಕಟ ಮಾತ್ರ ಸಾಲದು.

ಆ ಭಾನುವಾರ ಮಧ್ಯಾಹ್ನ ಚರ್ಚಿನ ಕಿಟಕಿಗಳಿಗೆ ಕಂಬಳಿ ಹೊದಿಸಿ ನಮ್ಮವರಿಗೆ ತೋರಿಸಿದೆವು. ತೆರೆಯ ಮೇಲೆ ಕೆಂಪು ಲುಂಗಿ ಕಂಡದ್ದೇ ತಡ, ಎಲೆ ಜಗಿಯುವ ಸದ್ದು ನಿಂತಿತು. "ಅಯ್ಯೋ, ಆ ಹುಡುಗ ಇನ್ನೂ ನೋಡಿಲ್ಲ ಕಣೇ, ನಗ್ತಾ ಇದಾನೆ," ಎಂದು ಯಾರೋ ಅಂದರು. ಅಷ್ಟು ಸಾಕಾಯಿತು, ಸಾಲುಸಾಲು ಹೆಂಗಸರು ಅತ್ತರು.

ಎಲ್ಲರಿಗಿಂತ ಜೋರಾಗಿ ಅತ್ತವರು ಅಂಗಡಿಯ ದೊಡ್ಡಮ್ಮ. ಸೆರಗಿಲ್ಲದ್ದಕ್ಕೆ ಸೊಸೆಯ ತೋಳಿಗೇ ಮೂಗೊರೆಸಿ, ನೇರವಾಗಿ ಕ್ಲೆ ಥೂವಿನ ಮುಂದೆ ಬಂದು ನಿಂತರು.

"ಇಷ್ಟೊಂದು ಸಂಕಟ ಯಾಕೆ ತೋರಿಸ್ತೀರಿ ಥರಾ? ಆ ಹುಡುಗೀನ ಇನ್ನೊಂದು ವಾರ ಕಾಯಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ನನ್ನ ಕಡೆ ತಿರುಗಿದ. ನಾನು ಕಿಟಕಿಯ ಕಂಬಳಿ ಬಿಚ್ಚಲು ಹೋದೆ.