ಎಡಭುಜ ಅರ್ಧ ಇಂಚು ಕೆಳಗೆ

ಬಸ್ ಡಿಪೋದ ಡ್ರೈವರ್ ಒಬ್ಬ ಹೊಲಿಗೆ ಅಂಗಡಿಗೆ ಬಂದು, "ನಮ್ಮ ಹೊಸ ಕಂಡಕ್ಟರಮ್ಮಂದು. ಎರಡು ಯೂನಿಫಾರ್ಮ್ ಶರ್ಟ್ ಬೇಕಂತೆ, ಅಳತೆಗೆ ಹಳೇದು ಕಳ್ಸಿದ್ದಾರೆ" ಎಂದು ಫೋನಿನಿಂದ ತಲೆಯೆತ್ತದೆಯೇ ಚೀಲವೊಂದನ್ನು ಮೇಜಿನ ಮೇಲಿಟ್ಟು ಹೋದ.

ಅಂಗಡಿ ನಡೆಸುವವಳಿಗೆ ಆ ಬೀದಿಯಲ್ಲಿ 'ಅರ್ಧಿಂಚು' ಎಂದೇ ಹೆಸರು. ಯಾರು ಏನೇ ಹೊಲಿಸಲಿ, "ಒಳಗೆ ಅರ್ಧ ಇಂಚು ಬಿಟ್ಟಿರ್ತೀನಿ, ನೀವು ಊದಿಕೊಂಡ್ರೆ ಬಿಚ್ಚೋಕೆ" ಎಂದು ಮುಖದ ಮೇಲೇ ಹೇಳುವುದು ಅವಳ ಪದ್ಧತಿ. ವಯಸ್ಸು ನಲವತ್ತೆರಡು. ನಾಲಿಗೆ ಕತ್ತರಿಗಿಂತ ಒಂದು ಕೈ ಮೇಲು. ಆದರೂ ಜನ ಅವಳನ್ನು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ, ಏಕೆಂದರೆ ಅವಳು ಹೊಲಿದ ಬಟ್ಟೆ ಬೈಗುಳ ತಿಂದದ್ದಕ್ಕೂ ಸಾರ್ಥಕ ಎನ್ನುವ ಹಾಗೆ ಮೈಮೇಲೆ ಕೂರುತ್ತಿತ್ತು.

ಅರ್ಧಿಂಚು ಹಳೆಯ ಶರ್ಟನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದಳು. ಕುತ್ತಿಗೆ, ತೋಳು, ಎದೆ. ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದವಳ ಕೈ ಭುಜಕ್ಕೆ ಬಂದಾಗ ನಿಂತಿತು. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ಅವಳದೂ ಹಾಗೇ ಇತ್ತು. ಇಪ್ಪತ್ತೈದು ವರ್ಷ ಕತ್ತರಿಸುವ ಮೇಜಿಗೆ ಬಗ್ಗಿ ಬಗ್ಗಿ ಹೀಗಾಯಿತು ಎಂದು ಅವಳು ನಂಬಿಕೊಂಡಿದ್ದಳು. ಪರದೆಯ ಹಿಂದೆ ಹೋಗಿ ಶರ್ಟು ತೊಟ್ಟು ನೋಡಿದಳು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಡ್ರೈವರ್ ತನ್ನ ಜೊತೆ ಏನೋ ಆಟ ಆಡುತ್ತಿದ್ದಾನೆ ಎಂದುಕೊಂಡು ಅವನಿಗೆ ಕೊಡಬೇಕಾದ ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಳು.

ಆ ಬೈಗುಳ ಹಾಗೇ ಉಳಿಯಿತು. ಮೂರನೆಯ ದಿನ ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅರ್ಧಿಂಚಿನ ಅಮ್ಮ ನಿದ್ದೆ ಹೊಡೆಯುತ್ತಿದ್ದಾಗ, ಕಂಡಕ್ಟರ್ ತಾನೇ ಬಂದಳು. ಬಾಗಿಲಲ್ಲೇ ಕಂಬದ ಹಾಗೆ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು. ಎಂತೆಂಥ ಪ್ರಯಾಣಿಕರನ್ನೋ ಸಂಭಾಳಿಸಿದವಳಾದ್ದರಿಂದ ಕಂಡಕ್ಟರ್‌ಗೇ ಮೊದಲು ಬಾಯಿ ಬಂತು.

"ಅಯ್ಯೋ, ಬಾಗಿಲಿಗೇ ಕನ್ನಡಿ ಇಟ್ಟಿದ್ದೀರಾ ಅಂದ್ಕೊಂಡೆ."

"ನಿಮ್ಮ ಎಡಭುಜ..." ಎಂದಳು ಅರ್ಧಿಂಚು.

"ಅದಾ? ಟಿಕೆಟ್ ಬ್ಯಾಗ್ ನೇತಾಡಿ ನೇತಾಡಿ ಇಳಿದುಹೋಯ್ತು."

"ನಂದು ಮೇಜಿಗೆ ಬಗ್ಗಿ ಬಗ್ಗಿ."

ಹುಟ್ಟಿದ ದಿನ ಕೇಳಿಕೊಂಡರು. ಒಂದೇ. ಕಂಡಕ್ಟರ್ ಸ್ಟೂಲಿನ ಮೇಲೆ ಕುಸಿದು ಕೂತು, "ಅದಕ್ಕೇ ಈ ಊರಿಗೆ ವರ್ಗ ಆಯ್ತು ಅಂದ ತಕ್ಷಣ ನಮ್ಮಮ್ಮ ಬೇಡವೇ ಬೇಡ ಅಂತ ಕುಣಿದಾಡಿದ್ದು. ಬಂದ ಮೇಲೂ ಈ ಬೀದಿ ಕಡೆ ತಲೆ ಹಾಕಿಲ್ಲ" ಎಂದಳು.

ಕಂಡಕ್ಟರ್‌ಗೆ ಇದು ಬರೀ ಆಶ್ಚರ್ಯ. ಅರ್ಧಿಂಚಿಗೆ ಹಾಗಲ್ಲ. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಪಕ್ಕದ ಮನೆಯವಳೊಬ್ಬಳು, ನೀನು ಇವಳು ಹೆತ್ತ ಮಗಳಲ್ಲ ಎಂದು ಕಿವಿಯಲ್ಲಿ ಊದಿದ್ದಳು. ಅಮ್ಮನನ್ನು ಕೇಳಿದರೆ, "ಹೌದು, ತಂದ್ಕೊಂಡೆ. ಏನು ಕಡಿಮೆ ಮಾಡಿದ್ದೀನಿ ನಿಂಗೆ?" ಎಂದು ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದಿದ್ದಳು. ಕಡಿಮೆ ಏನೂ ಮಾಡಿರಲಿಲ್ಲ. ಅದಕ್ಕೇ ಅರ್ಧಿಂಚು ಮತ್ತೆ ಕೇಳಲಿಲ್ಲ. ಆದರೆ ಹೊಸ ಬಟ್ಟೆಯಲ್ಲಿ ಮರೆತ ಗುಂಡುಸೂಜಿಯ ಹಾಗೆ ಅದು ಆಗಾಗ ಚುಚ್ಚುತ್ತಿತ್ತು. ಈಗಂತೂ ಇನ್ನೂ ಆಳಕ್ಕೆ ಇಳಿಯಿತು. ಇದ್ದದ್ದು ಇಬ್ಬರು. ಒಬ್ಬಳನ್ನು ಇಟ್ಟುಕೊಂಡರು, ತನ್ನನ್ನು ಕೊಟ್ಟುಬಿಟ್ಟರು. ತನ್ನನ್ನೇ ಯಾಕೆ? ಅವಳಿಗೆ ತಿಳಿಯಬೇಕಾಗಿದ್ದದ್ದು ಅದೊಂದೇ, ಕಂಡಕ್ಟರ್‌ಗೂ ಅದನ್ನೇ ಹೇಳಿದಳು.

"ನೇರವಾಗಿ ಕೇಳಿದ್ರೆ ಮುದುಕೀರು ಬಾಯಿ ಬಿಡಲ್ಲ" ಎಂದಳು ಕಂಡಕ್ಟರ್. ಅವಳ ಕಣ್ಣಲ್ಲಿ ಆಗಲೇ ತುಂಟತನ ಹತ್ತಿಕೊಂಡಿತ್ತು. "ನೀನು ನನ್ನ ಯೂನಿಫಾರ್ಮ್ ಹಾಕ್ಕೊಂಡು ನಮ್ಮನೆಗೆ ಹೋಗು. ನಾನು ಇಲ್ಲಿ ಕೂರ್ತೀನಿ. ಮಾತಾಡ್ತಾ ಮಾತಾಡ್ತಾ ಕಕ್ಕಿಸೋಣ."

"ನಿಂಗೆ ಹೊಲಿಯೋಕೆ ಬರುತ್ತಾ?"

"ಸೂಜಿಗೆ ದಾರ ಹಾಕೋಕೂ ಬರಲ್ಲ. ನಿಂಗೆ ಟಿಕೆಟ್ ಕೊಡೋಕೆ ಬರುತ್ತಾ? ಹೋಗೇ ಸುಮ್ಮನೆ."

ಅರ್ಧ ಗಂಟೆಯ ಹಿಂದೆ ಗುರುತೇ ಇಲ್ಲದವಳು ಆಗಲೇ 'ಹೋಗೇ' ಎನ್ನುತ್ತಿದ್ದಳು. ಅರ್ಧಿಂಚಿಗೆ ಅದು ಯಾಕೋ ಹಿತವಾಯಿತು.

ಕಂಡಕ್ಟರ್ ಮನೆ ಡಿಪೋದ ಹಿಂದೆ, ಎರಡನೆಯ ಮಹಡಿಯಲ್ಲಿ. ಬಾಗಿಲು ತೆರೆದದ್ದು ಪುಟ್ಟ ಆಕಾರದ ಮುದುಕಿ. ತನ್ನ ಹಣೆ, ತನ್ನ ಮೂಗು, ತನ್ನದೇ ಸಿಡುಕು ಮೋರೆ. "ಬಂದ್ಯಾ? ಕೂತ್ಕೋ" ಎಂದು ಮುದುಕಿ ಅಡಿಗೆಮನೆಗೆ ಹೋದಳು. ಅರ್ಧಿಂಚು ಕಾಯಿಸಿದ ಹಾಲು ಕುಡಿದಳು, ಕಾಲು ನೋವೆಂದಳು, ಜನ ಚಿಲ್ಲರೆ ಕೊಡುವುದಿಲ್ಲವೆಂದು ಗೊಣಗಿದಳು. ಎಲ್ಲವೂ ಸುಸೂತ್ರ. ಆಮೇಲೆ ಅಭ್ಯಾಸಬಲದಿಂದ, ತನಗೇ ಗೊತ್ತಿಲ್ಲದಂತೆ ಕೈ ಚಾಚಿ ಕಿಟಕಿಯ ಪರದೆಯ ಅಂಚನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡಿ, "ಛೀ, ಯಾವನು ಹೊಲಿದಿದ್ದು?" ಎಂದುಬಿಟ್ಟಳು.

ಮುದುಕಿ ಅವಳನ್ನೇ ದಿಟ್ಟಿಸಿ ನೋಡಿದಳು. ಅಳಲಿಲ್ಲ, ಕೂಗಲಿಲ್ಲ.

"ಅಕ್ಕ ಚೆನ್ನಾಗಿದ್ದಾಳಾ?" ಎಂದಳು.

ಹಾಗಾದರೆ ತನ್ನ ಅಮ್ಮ ಈಕೆಯ ಅಕ್ಕ! ಅರ್ಧಿಂಚು ಕೇಳಬೇಕೆಂದು ಜೋಡಿಸಿಕೊಂಡಿದ್ದ ಉಪಾಯಗಳೆಲ್ಲ ಹಾರಿಹೋಗಿ ಉಳಿದದ್ದು ಒಂದೇ ಪ್ರಶ್ನೆ. "ನನ್ನನ್ನೇ ಯಾಕೆ ಕೊಟ್ರಿ?"

ಮುದುಕಿಯ ಮುಖ ಸಣ್ಣದಾಯಿತು. ಎದ್ದು ಚಪ್ಪಲಿ ಮೆಟ್ಟಿದಳು. "ಅದನ್ನ ಅವಳ ಎದುರಿಗೇ ಹೇಳ್ತೀನಿ. ಇಲ್ಲಾಂದ್ರೆ ನಾನು ಸುಳ್ಳು ಹೇಳಿದೆ ಅಂತಾಳೆ. ನಡಿ."

ದಾರಿಯುದ್ದಕ್ಕೂ ಮುದುಕಿ ಅವಳ ತೋಳು ಬಿಡಲಿಲ್ಲ.

ಅಂಗಡಿಯಲ್ಲಿ ಕಂಡಕ್ಟರ್ ಮೂಗಿನ ತುದಿಗೆ ಕನ್ನಡಕ ಏರಿಸಿಕೊಂಡು ಗುಂಡಿ ಹಾಕುತ್ತಿದ್ದಳು. ಬೆರಳೆಲ್ಲ ಚುಚ್ಚಿಸಿಕೊಂಡು ಅಳುವ ಮುಖ ಮಾಡಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಬೈಯುತ್ತಿದ್ದಳು. ನಿದ್ದೆಯಿಂದ ಎದ್ದು ಬಂದ ನಿಮಿಷದಲ್ಲೇ ಅವಳಿಗೆ ಕಳ್ಳಾಟ ತಿಳಿದುಹೋಗಿತ್ತು. ಆದರೆ ಅಂಗಡಿಗೆ ಬಂದವರನ್ನು ಸುಮ್ಮನೆ ಕೂರಿಸುವ ಜಾತಿಯವಳಲ್ಲ ಅವಳು.

ಅಮ್ಮ ತಲೆಯೆತ್ತಿ ಬಾಗಿಲಲ್ಲಿ ನಿಂತ ತಂಗಿಯನ್ನು ನೋಡಿದಳು. "ಬಂದ್ಲು ನೋಡು, ನಲವತ್ತೆರಡು ವರ್ಷ ಆದ್ಮೇಲೆ. ತಪ್ಪು ಒಪ್ಕೊಳ್ಳೋಕೆ ಬಂದ್ಯಾ?"

"ನಂದೇನು ತಪ್ಪು? ಹೊಲಿದೋಳು ನೀನು!"

"ತಂದು ಕೊಟ್ಟೋಳು ನೀನು!"

"ಯಾವ ತಪ್ಪು?" ಎಂದು ಅವಳಿಜವಳಿಗಳು ಒಟ್ಟಿಗೇ ಕಿರುಚಿದರು. ಆ ಒಂದೇ ದನಿಗೆ ಮುದುಕಿಯರಿಬ್ಬರೂ ಗಪ್‌ಚಿಪ್ಪಾದರು.

ಆಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಾ ಕಥೆ ಹೊರಬಿತ್ತು. ಹೆತ್ತವಳು ತಂಗಿ. ಬಾಣಂತನದಲ್ಲಿ ಹಾಸಿಗೆ ಹಿಡಿದಿದ್ದಳು, ಗಂಡನಿಗೆ ದೂರದೂರಲ್ಲಿ ಕೆಲಸ. ಇಬ್ಬರನ್ನು ಸಾಕಲು ಕೈಲಾಗದು. ಅಕ್ಕನಿಗೆ ಮಕ್ಕಳಿರಲಿಲ್ಲ. ಮೊದಲು ಹುಟ್ಟಿದವಳು ತಂಗಿಗೆ, ಎರಡನೆಯವಳು ಅಕ್ಕನಿಗೆ ಎಂದು ಮಾತಾಯಿತು. ತಂಗಿ ಊರು ಬಿಡುವವರೆಗೆ ಎರಡೂ ಕೂಸು ಒಂದೇ ಮನೆಯಲ್ಲಿ, ಒಂದೇ ತೊಟ್ಟಿಲಲ್ಲಿ. ಗುರುತಿಗಾಗಿ ಅಕ್ಕ ಎರಡು ಅಂಗಿ ಹೊಲಿದು, ಮೊದಲನೆಯವಳ ಕಾಲರಿಗೆ ಮಾತ್ರ ಕೆಂಪು ದಾರದ ಅಂಚು ಹಾಕಿದಳು.

"ಚೆನ್ನಾಗೇ ಇತ್ತು," ಎಂದಳು ತಂಗಿ. "ಹೊರಡೋ ಹಿಂದಿನ ದಿನ ಒಗೆದು ಒಣಗಿಸಿ ಇವಳ ಮೇಜಿನ ಮೇಲಿಟ್ಟೆ, ಮಕ್ಕಳಿಗೆ ಸ್ನಾನ ಮಾಡಿಸ್ತಿದ್ದೆ. ಬಂದು ನೋಡಿದ್ರೆ ಎರಡಕ್ಕೂ ಕೆಂಪು ಅಂಚು!"

ಅಮ್ಮ ಸೂಜಿಯನ್ನು ತಲೆಗೂದಲಿಗೆ ಉಜ್ಜುತ್ತಾ ನೆಲ ನೋಡಿದಳು. "ಒಂದೇ ಜೊತೆ ಅಂಗಿ, ಒಂದಕ್ಕೆ ಅಂಚಿದೆ, ಒಂದಕ್ಕಿಲ್ಲ. ಅರ್ಧ ಕೆಲಸ ಬಿಟ್ಟಿದ್ದೀನಿ ಅನ್ನಿಸ್ತು. ಕೈ ತಡೀಲಿಲ್ಲ. ಹಾಕಿಬಿಟ್ಟೆ."

"ಅಷ್ಟೇ! ಯಾರು ಯಾರು ಅಂತ ಗೊತ್ತಾಗ್ಲಿಲ್ಲ. ಅತ್ತಿದ್ದೂ ಆಯ್ತು, ಜಗಳ ಆಡಿದ್ದೂ ಆಯ್ತು. ಲಾರಿ ಬಂದು ನಿಂತಿತ್ತು. ಆಗ ನನ್ನ ತೋಳಲ್ಲಿ ಯಾರಿದ್ರೋ ಅವಳನ್ನೇ ಎತ್ಕೊಂಡು ಹೊರಟೆ."

ಅರ್ಧಿಂಚು ನಿಧಾನವಾಗಿ ಕೇಳಿದಳು: "ಹಾಗಾದ್ರೆ ಕೊಟ್ಟಿದ್ದು ನನ್ನನ್ನಲ್ವಾ?"

"ಗೊತ್ತಿಲ್ಲ ಮಗಳೇ" ಎಂದರು ಇಬ್ಬರೂ.

ಮೂವತ್ತು ವರ್ಷ ಕಾಪಾಡಿಕೊಂಡು ಬಂದ ದುಃಖ. ಅದರ ಮೇಲಿದ್ದ ವಿಳಾಸವೇ ಅಳಿಸಿಹೋಗಿತ್ತು. ಅರ್ಧಿಂಚಿಗೆ ಅಳು ಬಂತು, ಅದರ ಹಿಂದೆಯೇ ನಗೆಯೂ ಬಂತು. ಇಟ್ಟುಕೊಂಡ ಮಗಳೆಂದು ಮಧ್ಯಾಹ್ನದಿಂದ ಒಳಗೊಳಗೇ ಬೀಗುತ್ತಿದ್ದ ಕಂಡಕ್ಟರ್ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು.

"ಇಷ್ಟಕ್ಕೆ ಮಾತು ಬಿಟ್ರಾ? ಒಂದು ದಾರಕ್ಕೆ? ಅಮ್ಮಾ, ನಿಂಗೆ ಅಷ್ಟೂ ಎಚ್ಚರ ಇರ್ಲಿಲ್ವಾ?" ಎಂದು ಅರ್ಧಿಂಚು ಮನಸಾರೆ ಬೈದಳು. ಮುದುಕಿಯರಿಬ್ಬರೂ ಬೆಂಚಿನ ಎರಡು ತುದಿಗೆ ಮುಖ ತಿರುಗಿಸಿ ಕೂತರು. ಸ್ವಲ್ಪ ಹೊತ್ತಿಗೆ ತಂಗಿ ಒಂದು ಗೇಣು ಈಚೆಗೆ ಜರುಗಿದ್ದನ್ನು ಯಾರೂ ನೋಡದವರಂತೆ ಎಲ್ಲರೂ ನೋಡಿದರು.

ಅರ್ಧಿಂಚು ಯಂತ್ರದ ಮುಂದೆ ಕೂತು ಆ ಎರಡು ಯೂನಿಫಾರ್ಮ್ ಶರ್ಟುಗಳನ್ನು ಎಳೆದುಕೊಂಡಳು. ಕಾಲರು ಮುಗಿಸುವುದೊಂದೇ ಬಾಕಿ. ಕಂಡಕ್ಟರ್ ತನಗೆ ತಂಗಿಯೋ ಅಕ್ಕನೋ, ಅಂತೂ ಅವಳನ್ನು ರೇಗಿಸಲೆಂದು ಒಂದರ ಕಾಲರಿನ ಒಳಗೆ ಕೆಂಪು ದಾರ ಹಾಕಿದಳು. "ಇದು ನಿಂದು. ಇನ್ನೊಂದು ನಂಗಿರ್ಲಿ, ಮುದುಕೀರನ್ನ ಮತ್ತೆ ಆಟ ಆಡಿಸೋಕೆ ಬೇಕಾಗುತ್ತೆ" ಎಂದಳು. ಕಂಡಕ್ಟರ್ ಬಿದ್ದು ಬಿದ್ದು ನಕ್ಕು, ಲಾರಿ ಯಾವ ಬಣ್ಣದ್ದು, ತೊಟ್ಟಿಲು ಈಗೆಲ್ಲಿದೆ ಎಂದು ಮುದುಕಿಯರನ್ನು ಕೆದಕತೊಡಗಿದಳು. ಅರ್ಧಿಂಚು ಅದನ್ನು ಕೇಳುತ್ತಾ ಹೊಲಿಯುತ್ತಾ ಕೂತಳು.

ಕೆಲಸ ಮುಗಿಸಿ, ಇಸ್ತ್ರಿ ಹಾಕಿ, ಎರಡನ್ನೂ ಮಡಿಚಿ ಮೇಜಿನ ಮೇಲಿಟ್ಟಳು. ಕಂಡಕ್ಟರ್ ತನ್ನದನ್ನು ಎತ್ತಿಕೊಳ್ಳಲು ಒಂದರ ಕಾಲರು ತಿರುಗಿಸಿದಳು, ಆಮೇಲೆ ಇನ್ನೊಂದರದು.

"ಏನೇ ಇದು? ಎರಡಕ್ಕೂ ಕೆಂಪು?"

ಅರ್ಧಿಂಚು ತನ್ನ ಕೈಗಳನ್ನೇ ನೋಡಿಕೊಂಡಳು. ಯಾವಾಗ ಹಾಕಿದಳೋ ಅವಳಿಗೇ ನೆನಪಿರಲಿಲ್ಲ. ಬೆಂಚಿನ ಮೇಲಿಂದ ಅಮ್ಮ ಅವಳನ್ನು ನೋಡುತ್ತಿದ್ದಳು. ಅರ್ಧಿಂಚು ಎದ್ದು ಹೋಗಿ ಅಮ್ಮನ ಪಕ್ಕ, ಅವಳಿಗೂ ಚಿಕ್ಕಮ್ಮನಿಗೂ ನಡುವೆ ಉಳಿದಿದ್ದ ಜಾಗದಲ್ಲಿ ತೂರಿಕೊಂಡು ಕೂತಳು.

"ನಂದು ಯಾವುದು ಅಂತ ಹೇಳೇ" ಎಂದು ಕಂಡಕ್ಟರ್ ಇನ್ನೂ ಕೇಳುತ್ತಲೇ ಇದ್ದಳು.

"ಯಾವುದಾದ್ರೂ ತಗೋ" ಎಂದಳು ಅರ್ಧಿಂಚು. "ಎರಡೂ ಸರಿಯಾಗೇ ಕೂರುತ್ತೆ."