ಪೇತ್ರಣ್ಣನ ತಮ್ಮ ಆಡಿದ ಚೆಂಡಾಟ

ಹೋದ ಭಾನುವಾರದ ಆಟದ ಸುದ್ದಿಯನ್ನು ನನ್ನೆದುರು ಎತ್ತಿದವನ ಹಲ್ಲು ಉದುರಿಸುತ್ತೇನೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಈಗ ನಾನೇ ಎತ್ತುತ್ತಿದ್ದೇನೆ. ಯಾಕೆಂದರೆ ಮಂಡ್ಯದವರು ಹೇಳಿಕೊಂಡು ತಿರುಗುತ್ತಿರುವ ಕಥೆಯಲ್ಲಿ ನಾನು ದೊಡ್ಡ ಶೂರ. ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ನಾನು ಕೆಂಪಸಿದ್ದಯ್ಯ, ಇಲ್ಲೇ ಮಂಡ್ಯದ ಪಂಪು ರಿಪೇರಿ ಶೆಡ್ಡಿನ ಮೇಸ್ತ್ರಿ. ವಯಸ್ಸಿನಲ್ಲಿ ಗರಡಿಯ ಪೈಲ್ವಾನನಾಗಿದ್ದವನು. ಹೋದ ವರ್ಷ, ನಲವತ್ಮೂರರ ಕೊನೆಯಲ್ಲಿ, ಮಿಲಿಟರಿಯವರು ಬೆಂಗಳೂರಿನ ಕ್ಯಾಂಪಿನಿಂದ ಒಬ್ಬ ಇಟಲಿಯ ಕೈದಿಯನ್ನು ನಮ್ಮಲ್ಲಿಗೆ ಕೆಲಸಕ್ಕೆ ಕಳಿಸಿದರು. ಆಫ್ರಿಕದ ಯುದ್ಧದಲ್ಲಿ ಸೆರೆ ಸಿಕ್ಕವನು, ಎಂಜಿನ್ ಕೆಲಸ ಬಲ್ಲವನು. ಅವನ ಹೆಸರು ಪಿಯೆತ್ರೊ. ನಮ್ಮ ಬಾಯಲ್ಲಿ ಪೇತ್ರಣ್ಣ ಆದ. ನನ್ನ ಹೆಂಡತಿ ಮುದ್ದಮ್ಮ ಕಳಿಸಿದ ರಾಗಿಮುದ್ದೆಯನ್ನು ಮೊದಲ ದಿನ ಅಗಿಯಲು ಹೋಗಿ ಎಲ್ಲರನ್ನೂ ನಗಿಸಿದ. ಮೂರು ತಿಂಗಳಲ್ಲಿ ಮುದ್ದೆ ನುಂಗುವುದನ್ನೂ ನಮ್ಮ ಬೈಗುಳವನ್ನೂ ಕಲಿತ.

ಅವನಿಗೊಬ್ಬ ತಮ್ಮ, ಮಾರ್ಕೊ. ಇಬ್ಬರೂ ಒಂದೇ ದಿನ ಸೆರೆಯಾದವರು, ಆಮೇಲೆ ಬೇರೆ ಬೇರೆ ಕ್ಯಾಂಪಿಗೆ ಬಿದ್ದವರು. ಮುಖ ನೋಡಿ ಮೂರು ವರ್ಷವಾಗಿತ್ತು.

ಯುದ್ಧ ನಿಧಿಗೆಂದು ಊರಾಚೆಯ ಮೈದಾನದಲ್ಲಿ ಇಂಗ್ಲಿಷ್ ಸೋಲ್ಜರುಗಳಿಗೂ ಇಟಲಿ ಕೈದಿಗಳಿಗೂ ಫುಟ್ಬಾಲ್ ಪಂದ್ಯ ಇಟ್ಟರು. ಕೈದಿಗಳ ಪಟ್ಟಿಯಲ್ಲಿ ಮಾರ್ಕೊ ಇದ್ದ. ಮುಂದಿನ ವಾರ ಅವನ ಕ್ಯಾಂಪನ್ನು ಉತ್ತರ ದೇಶಕ್ಕೆ ಸಾಗಿಸುತ್ತಾರೆಂಬ ಸುದ್ದಿಯೂ ಬಂತು. ಪೇತ್ರಣ್ಣ ಕೈದಿಗಳ ಉಸ್ತುವಾರಿಯ ಇಂಗ್ಲಿಷ್ ಕ್ಯಾಪ್ಟನ್ನಿನ ಬಾಗಿಲಲ್ಲಿ ಎರಡು ದಿನ ನಿಂತು ಬೇಡಿದ. ಆಟ ಗಲಾಟೆಯಿಲ್ಲದೆ ಮುಗಿದರೆ ತಮ್ಮನ ಜೊತೆ ಕಾಲು ಗಂಟೆ ಕೂರಬಹುದು, ಅಲ್ಲಿಯವರೆಗೆ ಮೈದಾನದ ಸುತ್ತ ಕಟ್ಟಿದ ಹಗ್ಗ ದಾಟಬಾರದು, ಕೂಗಿ ಕರೆಯಬಾರದು ಎಂದು ಅಪ್ಪಣೆಯಾಯಿತು. ಆ ಕಾಲು ಗಂಟೆಗಾಗಿ ಅವನು ಅಂಗಿ ಒಗೆದು, ಗಡ್ಡ ಹೆರೆದುಕೊಂಡು ಬಂದ.

ಮದ್ದೂರಿನಿಂದ ರೈಲಿನಲ್ಲಿ, ಕಿರುಗಾವಲು ಮಳವಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಒಬ್ಬನಿಗೂ ಆ ಆಟ ಗೊತ್ತಿರಲಿಲ್ಲ. ಎದುರಿಗಿರುವವರು ಇಂಗ್ಲಿಷರು ಎಂಬುದಷ್ಟೇ ಸಾಕಿತ್ತು, ಎಲ್ಲರೂ ಇಟಲಿಯ ಕಡೆ.

“ಇದ್ರಲ್ಲಿ ಗೆಲ್ಲೋದು ಎಂಗ್ಲಾ?” ಎಂದು ಪಕ್ಕದಲ್ಲಿದ್ದ ನನ್ನ ಗರಡಿಯ ಗೆಳೆಯ ರೇವಣ್ಣ ಕೇಳಿದ.

“ಆ ಕಂಬಗಳ ಮಧ್ಯಕ್ಕೆ ಚೆಂಡು ಓಗ್ಬೇಕಂತೆ ಕಣ್ಲಾ. ಸುಮ್ನೆ ನೋಡು,” ಎಂದೆ. ನನಗೂ ಅಷ್ಟೇ ಗೊತ್ತಿದ್ದದ್ದು.

ಪೇತ್ರಣ್ಣ ಹಗ್ಗ ಹಿಡಿದುಕೊಂಡು ನನ್ನ ಎಡಕ್ಕೆ ನಿಂತಿದ್ದ. ಚೆಂಡನ್ನು ನೋಡುತ್ತಲೇ ಇರಲಿಲ್ಲ. “ಸಣ್ಣ ಆಗವ್ನೆ,” ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಬಾಳ ಸಣ್ಣ ಆಗವ್ನೆ,” ಎಂದ.

ಕೋಣದಂಥ ಒಬ್ಬ ಸೋಲ್ಜರು ಮಾರ್ಕೊನ ಮೊಣಕಾಲ ಕೆಳಗೆ ಬೂಟುಗಾಲಿನಲ್ಲಿ ಮೂರು ಸಲ ಒದ್ದ. ಸೀಟಿ ಹಿಡಿದವನೂ ಅವರವನೇ, ಊದಲಿಲ್ಲ. ನನ್ನ ರಕ್ತ ಕುದಿಯುತ್ತಿತ್ತು. ನಾಲ್ಕನೆಯ ಸಲ ಅವನು ನುಗ್ಗಿ ಬಂದಾಗ ಮಾರ್ಕೊ ಭುಜ ಕೊಟ್ಟು ನಿಂತ. ಕೋಣ ಅಂಗಾತ ಬಿತ್ತು. ಬೆನ್ನು, ಎರಡೂ ಭುಜ, ಪೂರ್ತಿ ನೆಲಕ್ಕೆ.

ನಮ್ಮ ಸೀಮೆಯಲ್ಲಿ ಬೆನ್ನು ಮಣ್ಣಿಗೆ ತಾಗಿದ ಮೇಲೆ ಇನ್ನೇನು ಉಳಿಯುತ್ತದೆ? ಕುಸ್ತಿ ಮುಗಿಯಿತು. ಮೈದಾನದ ಅಷ್ಟೂ ಜನ “ಚಿತ್ತಾದ, ಚಿತ್ತಾದ” ಎಂದು ಕೂಗಿದರು. ಕಂಬ ಚೆಂಡು ಎಲ್ಲ ಮರೆತೇಹೋಯಿತು. ಹಗ್ಗ ಹಾರಿದವರಲ್ಲಿ ಮೊದಲನೆಯವನು ನಾನು. ಮಾರ್ಕೊನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡೆ. ರೇವಣ್ಣ ತನ್ನ ಪೇಟ ಬಿಚ್ಚಿ ಅವನ ತಲೆಗೆ ಸುತ್ತಿದ. ಗೆದ್ದ ಪೈಲ್ವಾನನನ್ನು ಅಖಾಡದ ಸುತ್ತ ಹೊತ್ತು ತಿರುಗಬೇಕು, ಅದೂ ಬಲಸುತ್ತು, ದೇವರಿಗೆ ಸುತ್ತುವಂತೆ. ಹಾಗೇ ಹೊರಟೆ. ಅವನು ಏನೋ ಕಿರುಚುತ್ತ ನನ್ನ ತಲೆಗೆ ಬಡಿಯುತ್ತಿದ್ದ. ಖುಷಿಗೆ ಎಂದುಕೊಂಡು ಅವನ ಕಾಲುಗಳನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಸೀಟಿ, ಲಾಠಿ, ಬೂಟು. ಅರ್ಧ ಸುತ್ತಿನಲ್ಲಿ ಅವನನ್ನು ನನ್ನ ಹೆಗಲಿಂದ ಕಿತ್ತುಕೊಂಡರು. ಐದು ನಿಮಿಷದೊಳಗೆ ಕೈದಿಗಳೆಲ್ಲ ಲಾರಿಯಲ್ಲಿದ್ದರು.

ನಾನು ಕ್ಯಾಪ್ಟನ್ನಿನ ಮುಂದೆ ಹೋಗಿ ಕೈ ಮುಗಿದೆ. ಗರಡಿಯ ಗುರುವಿನ ಮುಂದೆ ಬಿಟ್ಟರೆ ಯಾರ ಮುಂದೆಯೂ ಮುಗಿದ ಕೈಯಲ್ಲ. “ತಪ್ಪು ನಂದು ಬುದ್ಧಿ. ನನ್ನ ಬೇಕಾದ್ರೆ ಜೈಲಿಗಾಕಿ. ಅವ್ರಿಬ್ರು ಒಂದ್ ಗಳ್ಗೆ ಮಾತಾಡ್ಲಿ ಬುಡಿ.” ಅವನ ಗುಮಾಸ್ತ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಕ್ಯಾಪ್ಟನ್ ಗಡಿಯಾರ ನೋಡಿಕೊಂಡು, ಗಲಾಟೆಯಾಯಿತಲ್ಲ ಎಂದಷ್ಟೇ ಹೇಳಿ ಜೀಪು ಹತ್ತಿದ. ಅವನಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಹಾಳಾದವನು.

ಇಷ್ಟೆಲ್ಲ ಆದರೂ ಪೇತ್ರಣ್ಣ ಹಗ್ಗ ದಾಟಿರಲಿಲ್ಲ. ಬಾಯಿ ಬಿಟ್ಟು ಕೂಗಿಯೂ ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡವನು ಆ ಮೈದಾನದಲ್ಲಿ ಅವನೊಬ್ಬನೇ.

ಸೋಮವಾರ ಎಂದಿನಂತೆ ಕೆಲಸಕ್ಕೆ ಬಂದ. ಬೆಳಗಿನಿಂದ ಒಂದು ವಾಲ್ವನ್ನು ಉಜ್ಜುತ್ತ ಕೂತ. ಮಧ್ಯಾಹ್ನದವರೆಗೆ ತಡೆದುಕೊಂಡೆ, ಆಮೇಲೆ ಆಗಲಿಲ್ಲ.

“ಬಯ್ಯಲಾ ನನ್ನ. ಒಡೀಲಾ. ಇಂಗೆ ಸುಮ್ನೆ ಕೂತ್ಕಂಡು ಸಾಯಿಸ್ಬೇಡ,” ಎಂದೆ.

ಅವನು ತಲೆ ಎತ್ತಿದ. “ಮೇಸ್ತ್ರಿ, ಕೆಳಗಿದ್ದಾಗ ಅವ್ನಿಗೆ ನಾನು ಕಾಣ್ಲಿಲ್ಲ. ಜನ ಜಾಸ್ತಿ. ನೀನು ಎತ್ತಿದ್ಯಲ್ಲ, ಆಗ ಕಂಡೆ.” ಒರಟು ಕೈಯಿಂದ ಮೂಗು ಒರೆಸಿಕೊಂಡ. “ಅಣ್ಣ ಅಲ್ಲಿ ಅವ್ನೆ, ಆ ಕಡೆ ನಡಿ, ಆ ಕಡೆ ನಡಿ ಅಂತ ನಮ್ ಮಾತಲ್ಲಿ ಕೂಗ್ತಿದ್ದ. ನಿನ್ ತಲೆ ಬಡೀತಿದ್ದ. ನನ್ ಹತ್ರಕ್ಕೆ ಹತ್ತು ಮಾರು ಇತ್ತು ಅಷ್ಟೇ, ಎಡಗಡೆಗೆ.”

ನಾನು ಅವನ ಪಕ್ಕ ಕೂತೆ.

“ನೀನು ಯಾಕೆ ಬಲಗಡೆ ತಿರುಗ್ದೆ?” ಎಂದು ಕೇಳಿದ.

ಗೆದ್ದವನನ್ನು ಹಾಗೇ ಸುತ್ತಿಸುವುದು ಎಂದು ಹೇಳಲು ಬಾಯಿ ತೆರೆದೆ. ಅದನ್ನು ಬಿಟ್ಟು, ಇನ್ನೊಂದು ವಾಲ್ವನ್ನು ಎಳೆದುಕೊಂಡು ಅವನ ಜೊತೆ ಉಜ್ಜತೊಡಗಿದೆ.